ಹತ್ತೂವರಿಯ ಹಸಿವಿ

ಏಳಕ್ಕ ಉಂಡು
ಎಂಟಕ್ಕ ಹಲ್ಲು ತಿಕ್ಕತೀನಿ.
ಜೊತಿಗೆ ಕಾಜ ಹೊಲಿಯೋ ಕಾಶೀಬಾಯಿ ಕಾಂಬಳೆ
ಹೇಳಿಕೊಟ್ಟ ಉಪಾಯ ಇದು:
"ಅಂಗಡಿ ಷಟರ್ ಎಳದಂಗ, ನೀಲಗಂಗಾ,
ಬಾಯಿಗೆ ತಿಳೀತದ, ಇನ್ನ ಗಿರಾಕಿ ಇಲ್ಲಂತ."

ಬಾಯಿಗೇನೋ ತಿಳೀತದ.
ಹೊಟ್ಟಿಗೆ ಯಾರು ಹೇಳಬೇಕು?
ಹತ್ತೂವರಿಗೆ ಬಂದು ಷಟರ್ ಬಡೀತದ,
ಒಳಗ ದೀಪ ಕಂಡ ಪರಿಚಯದವರಂಗ,
ಹೆಸರು ಹಿಡಿದು.

ಹನ್ನೊಂದು ಕಿಲೋ ಇಳೀಬೇಕು ಅಂದಾರ ಬಿರಾಜದಾರ ಡಾಕ್ಟರು.
ಇಪ್ಪತ್ತೆರಡು ವರ್ಷ ಮಷಿನ್ ತುಳಿದ ಮೊಣಕಾಲು ಇವು,
ಯಾವ್ಯಾವ ಊರಿನ ಸಾಲಿ ಹುಡುಗರಿಗೋ ಚಡ್ಡಿ ಹೊಲಿದವು,
ಈಗ ನಾಕು ಮೆಟ್ಟಿಲ ಹತ್ತಿದರ
ಹಳೇ ಹೊಲಿಗಿ ಬಿಚ್ಚಿದ ಸಪ್ಪಳ.
ಚೀಟಿಯೊಳಗ ಮರಾಠಿಲೆ ಬರೆದುಕೊಟ್ಟರು:
ರಾತ್ರಿ ಅರ್ಧ ಭಾಕರಿ, ಮೆಂತೆ ಪಲ್ಯ, ಮಜ್ಜಿಗಿ.
ಅವರು ಬರೆದದ್ದು ಭಾಕರಿ, ನಾ ಓದಿದ್ದು ರೊಟ್ಟಿ.
ಅರ್ಧ ಭಾಕರಿ ಅಂದ್ರ ಅರ್ಧನ,
ಅರ್ಧ ರೊಟ್ಟಿ ನಮ್ಮ ಮನ್ಯಾಗ ಯಾವತ್ತೂ ಒಂದೂವರಿ.

ಅದರಾಗ ಈ ಗಲ್ಲಿ.
ಎದುರು ಮನಿ ಸುಗಲಾಬಾಯಿ
ನಾಳಿಗೆ ಮುನ್ನೂರು ಕಡಕ್ ರೊಟ್ಟಿ ಒಪ್ಪಿಕೊಂಡಾಳ.
ಟಪ್ ಟಪ್, ಟಪ್ ಟಪ್,
ಬಳಿ ಮ್ಯಾಲಕ್ಕ ಸರಸಿ ಮತ್ತ ಟಪ್ ಟಪ್.
ಬಿಳಿಜೋಳದ ಹಿಟ್ಟು ಕಾದ ಹಂಚು ಮುಟ್ಟಿದ ವಾಸನಿ
ಕಿಡಕಿ ಹಾಕಿದರ ಕದದ ಸಂದ್ಯಾಗ ಬರ್ತದ,
ಕದ ಹಾಕಿದರ ನೆನಪಿನ್ಯಾಗ.

ಮ್ಯಾಲ ಹಲಗಿ ಮ್ಯಾಲ ಶೇಂಗಾ ಚಟ್ನಿ ಡಬ್ಬಿ.
ಉಳಿದ ನೀಲಿ ಬಟ್ಟಿಲೆ ಅದಕ್ಕೊಂದು ಚೀಲ ಹೊಲದೀನಿ,
ಬಾಯಿಗೆ ಐದು ಗುಂಡಿ.
ಐದು ಗುಂಡಿ ಬಿಚ್ಚೂದ್ರಾಗ ಬುದ್ಧಿ ಬರಲಿ ಅಂತ.
ಮೊನ್ನೆ ಮೂರನೇದಕ್ಕ ಬಂತು.
ನಿನ್ನೆ ಐದಕ್ಕೂ ಬರಲಿಲ್ಲ.

ಹನ್ನೊಂದಕ್ಕ ಅತ್ತಿಗೆ ಉಣಸಬೇಕು.
ಆಕಿಗೆ ಸಕ್ಕರಿ ಬ್ಯಾನಿ.
ಖಾಲಿ ಹೊಟ್ಟಿಲೆ ಮಲಗಿದರ ನಡುರಾತ್ರಿ ಬೆವತು
ನನ್ನ ಮಾರಿ ನೋಡಿ
ಸತ್ತ ತಂಗಿ ಹೆಸರು ಕರೀತಾಳ.
ಅದಕ್ಕ ಅದೇ ಡಾಕ್ಟರು, ಅದೇ ಪೆನ್ನಿಲೆ,
ನನ್ನ ಚೀಟಿ ಹಿಂದನ ಬರದಾರ:
ಅಜ್ಜಿಗೆ ಮಲಗೂ ಮೊದಲ ತಪ್ಪದೇ ತಿನ್ನಸ್ರಿ.
ಒಂದು ಮಗ್ಗಲಿಗೆ ಬ್ಯಾಡ,
ಮಗ್ಗಲ ತಿರವಿದರ ಬೇಕ ಬೇಕು.

ಹಾಲಿನ್ಯಾಗ ರೊಟ್ಟಿ ಮುರದು ನೆನಸತೀನಿ.
ಬೆರಳಿಗೆ ಹತ್ತಿದ್ದು ಸೆರಗಿಗೆ ಒರಸತೀನಿ.
ಮೊದಲ ವಾರ ಒರಸತಿರಲಿಲ್ಲ.
ಅತ್ತಿಗೆ ಹಲ್ಲಿಲ್ಲ, ಅವಸರನೂ ಇಲ್ಲ,
ಒಂದೊಂದು ತುತ್ತಿಗೆ ಒಂದೊಂದು ಊರು ತಿರಗಿ ಬರ್ತಾಳ,
ಮೈಂದರಗಿ, ದುಧನಿ,
ಎಮ್ಮಿ ಕರು ಹಾಕಿದ್ದು, ಗಿಣ್ಣ ಹಂಚಿದ್ದು,
ಯಾರ ಮದವ್ಯಾಗೋ ಹುಗ್ಗಿ ಸಾಲಲಿಲ್ಲಂತ
ಬೀಗರು ಎದ್ದು ಹೋದದ್ದು.
ನಾ ನೋಡಕೋತ ಕೂಡತೀನಿ.
ಆಕಿ ನುಂಗಿದಾಗೆಲ್ಲ
ನನ್ನ ಗಂಟಲೂ ಬರೇ ಗಾಳಿ ನುಂಗತದ.

"ನೀ ಉಂಡಿ?"
"ಏಳಕ್ಕ ಉಂಡೀನತ್ತಿ."
"ಏಳಕ್ಕ ಉಂಡದ್ದು ನಿನ್ನಿ ಲೆಕ್ಕ."

ಕೊನೀ ತುತ್ತು ಎತ್ತಿ ನನ್ನ ಕಡೆ ಹಿಡೀತಾಳ.
ಕೈ ನಡಗತದ,
ಹಾಲು ಮೊಣಕೈತನಕ ಇಳೀತದ.
"ಬ್ಯಾಡತ್ತಿ, ಹಲ್ಲು ತಿಕ್ಕೀನಿ."
"ಹಲ್ಲಿಲ್ಲದಾಕಿ ಕೊಡೂದಕ್ಕ
ಹಲ್ಲಿನ ಮಾತ್ಯಾಕ?"

ಬಾಯಿ ತಗದೆ.
ತಣ್ಣಗಾಗಿತ್ತು, ಸಪ್ಪಗಿತ್ತು,
ಮೆತ್ತಗ ಕರಗಿ ಹೋತು.
ಅವತ್ತ ಷಟರ್ ಬಡಿಯವ
ಎರಡನೇ ಸಲ ಬರಲಿಲ್ಲ.
ಸುಗಲಾಬಾಯಿ ಟಪ್ ಟಪ್
ಎಷ್ಟನೇ ರೊಟ್ಟಿಗೆ ನಿಂತಿತೋ, ಕೇಳಸಲಿಲ್ಲ.

ಭಾನುವಾರ ಸೊಲ್ಲಾಪುರ ಸ್ಟೇಶನ್ನಿನ್ಯಾಗ
ತೂಕದ ಯಂತ್ರದ ಮ್ಯಾಲ ಚಪ್ಪಲಿ ಬಿಟ್ಟು ನಿಂತೆ,
ದೇವರ ಮುಂದ ನಿಂತಂಗ.
ಕೆಂಪು ಹಸರು ದೀಪ ಗರಗರ ತಿರಗಿ
ಚೀಟಿ ಉದರಿಸ್ತು.
ಒಂದು ಕಿಲೋ ಕಡಿಮಿ.
ಹಿಂದ ಹಿಂದಿಯೊಳಗ ನನ್ನ ಭವಿಷ್ಯ:
ನಿಮ್ಮ ಸಂಯಮವೇ ನಿಮ್ಮ ಸಂಪತ್ತು.

ನೆನಪಿಗಿರಲಿ ಅಂತ ಆ ಚೀಟಿ
ಚಟ್ನಿ ಚೀಲದಾಗ ಇಟ್ಟೆ.
ಇಡಬೇಕಾದ್ರ
ಐದೂ ಗುಂಡಿ ಬಿಚ್ಚಬೇಕಾತು.